ಇವತ್ತೇ ತಲುಪಬೇಕೆಂಬ ಹಟ

1999ರ ಜುಲೈ 16, ಶುಕ್ರವಾರ ರಾತ್ರಿ 8 ಗಂಟೆ 38 ನಿಮಿಷ. ಅಮೆರಿಕದ ನ್ಯೂಜೆರ್ಸಿಯ ಎಸೆಕ್ಸ್ ಕೌಂಟಿ ವಿಮಾನ ನಿಲ್ದಾಣದಿಂದ ಒಂದೇ ಎಂಜಿನ್ನಿನ ಪೈಪರ್ ಸಾರಟೋಗಾ ವಿಮಾನವೊಂದು ಮೇಲೇರಿತು. ನಡೆಸುತ್ತಿದ್ದವರು ಹತ್ಯೆಯಾದ ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಮಗ, 38 ವರ್ಷದ ಜಾನ್ ಎಫ್. ಕೆನಡಿ ಜೂನಿಯರ್. ಜೊತೆಯಲ್ಲಿ ಹೆಂಡತಿ ಕ್ಯಾರೊಲಿನ್, ಆಕೆಯ ಅಕ್ಕ ಲಾರೆನ್. ಲಾರೆನ್ ಅವರನ್ನು ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಇಳಿಸಿ, ಗಂಡ ಹೆಂಡತಿ ಇಬ್ಬರೂ ಹಯಾನಿಸ್‌ಗೆ ಹೋಗಬೇಕಿತ್ತು. ಮರುದಿನ ಅಲ್ಲಿ ಕೆನಡಿಯ ಚಿಕ್ಕಪ್ಪನ ಮಗಳ ಮದುವೆ. ಸಂಜೆ ಬೆಳಕಿರುವಾಗಲೇ ಹೊರಡುವ ಅಂದಾಜಿತ್ತು. ಹೊರಟದ್ದು ಸೂರ್ಯ ಮುಳುಗಿದ ಮೇಲೆ.

ಕೆನಡಿ ಹೊಸಬರೇನಲ್ಲ. ಸುಮಾರು 310 ಗಂಟೆ ಹಾರಾಟದ ಅನುಭವ ಅವರಿಗಿತ್ತು, ಅದರಲ್ಲಿ ಐವತ್ತು ಗಂಟೆಗೂ ಮೀರಿ ರಾತ್ರಿಯದು. ಅದೇ ದಾರಿಯಲ್ಲಿ ಹಲವು ಸಲ ಹೋಗಿಬಂದಿದ್ದರು. ಆದರೆ ಹೊರಗೆ ಏನೂ ಕಾಣದಿದ್ದಾಗ ಮೀಟರುಗಳನ್ನಷ್ಟೇ ನಂಬಿ ಹಾರುವ ಅರ್ಹತೆ, ಪೈಲಟ್‌ಗಳ ಮಾತಿನಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್, ಅವರಿಗಿರಲಿಲ್ಲ. ಕಾಲಿನ ಮೂಳೆ ಮುರಿದು ಹಾಕಿದ್ದ ಪಟ್ಟಿಯನ್ನು ಹಿಂದಿನ ದಿನವಷ್ಟೇ ಬಿಚ್ಚಿಸಿಕೊಂಡಿದ್ದರು. ತರಬೇತುದಾರರೊಬ್ಬರು ಜೊತೆಗೆ ಬರುತ್ತೇನೆಂದರೂ ಒಬ್ಬನೇ ಹೋಗುತ್ತೇನೆ ಎಂದಿದ್ದರು.

ಕರಾವಳಿಯ ದೀಪಗಳು ಕಾಣುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ದ್ವೀಪದವರೆಗೆ ಸುಮಾರು 30 ಮೈಲಿ ಬರೀ ಸಮುದ್ರ. ಗಾಳಿಯಲ್ಲಿ ಮಬ್ಬು, ಕೆಳಗೆ ಕಪ್ಪು ನೀರು, ಮೇಲೆ ಕಪ್ಪು ಆಕಾಶ. ಎರಡೂ ಸೇರುವ ಗೆರೆಯೇ ಇಲ್ಲ. ಅದೇ ರಾತ್ರಿ ಆ ಭಾಗದಲ್ಲಿ ಹಾರುತ್ತಿದ್ದ ಇನ್ನೊಬ್ಬ ಪೈಲಟ್, ದ್ವೀಪದ ಒಂದು ದೀಪವೂ ಕಾಣದೆ, ಅಲ್ಲಿ ಕರೆಂಟು ಹೋಗಿರಬೇಕೆಂದುಕೊಂಡಿದ್ದಾಗಿ ತನಿಖಾಧಿಕಾರಿಗಳಿಗೆ ಹೇಳಿದರು. ಕರೆಂಟು ಹೋಗಿರಲಿಲ್ಲ.

ರಾತ್ರಿ 9.38ರ ಹೊತ್ತಿಗೆ ರೇಡಾರ್‌ನಲ್ಲಿ ಕೆನಡಿಯವರ ವಿಮಾನ ತಡವರಿಸತೊಡಗಿತು. ಬಲಕ್ಕೆ ತಿರುಗಿತು, ಇಳಿಯಿತು, ಮತ್ತೆ ಏರಿತು, ಎಡಕ್ಕೆ ತಿರುಗಿತು, ಮತ್ತೆ ಬಲಕ್ಕೆ ವಾಲಿತು. ಕೊನೆಯಲ್ಲಿ ಅದು ನಿಮಿಷಕ್ಕೆ 4,700 ಅಡಿಗೂ ಹೆಚ್ಚಿನ ವೇಗದಲ್ಲಿ ಕೆಳಗಿಳಿಯುತ್ತಿತ್ತು. 9.41ರ ಸುಮಾರಿಗೆ ಸಮುದ್ರಕ್ಕೆ ಅಪ್ಪಳಿಸಿತು. ಅವಶೇಷಗಳು 120 ಅಡಿ ಆಳದಲ್ಲಿ ಸಿಕ್ಕವು. ಎಂಜಿನ್ ಕೆಟ್ಟಿರಲಿಲ್ಲ, ರೆಕ್ಕೆ ಮುರಿದಿರಲಿಲ್ಲ. ನೇರವಾಗಿ, ಸಮತಲವಾಗಿ ಹಾರಿಸಬಲ್ಲ ಆಟೊಪೈಲಟ್ ಕೂಡ ವಿಮಾನದಲ್ಲಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ಕೊಟ್ಟ ತೀರ್ಪು ಇಷ್ಟು: ದಿಕ್ಕು ಮತ್ತು ಸಮತೋಲದ ಅರಿವು ತಪ್ಪಿ ಪೈಲಟ್ ವಿಮಾನದ ಹತೋಟಿ ಕಳೆದುಕೊಂಡರು, ಮಬ್ಬು ಮತ್ತು ಕತ್ತಲ ರಾತ್ರಿ ಅದಕ್ಕೆ ಕಾರಣವಾದವು.

ಸತ್ತವರು ದೊಡ್ಡ ಮನೆತನದವರಾದ್ದರಿಂದ ಈ ಅಪಘಾತ ಜಗತ್ತಿನ ತುಂಬ ಸುದ್ದಿಯಾಯಿತು. ಹೆಸರು ತೆಗೆದು ಓದಿದರೆ ಇದು ಸಣ್ಣ ವಿಮಾನ ಅಪಘಾತಗಳ ತೀರ ಮಾಮೂಲಿ ವರದಿ.

ಹೋಗಬೇಕೋ ಬೇಡವೋ

ಅಮೆರಿಕದಲ್ಲಿ ಖಾಸಗಿ ಹಾಗೂ ಸಣ್ಣ ವಿಮಾನಗಳ ಅಪಘಾತಗಳು ದಶಕಗಳಿಂದ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ನಡೆಯುತ್ತಿವೆ. ಅಲ್ಲಿನ ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಸಂಘವು ಪ್ರಕಟಿಸುವ ವಾರ್ಷಿಕ ವಿಶ್ಲೇಷಣೆಯ ಪ್ರಕಾರ ಇವುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಪೈಲಟ್‌ನ ತಪ್ಪೇ ಕಾರಣ. ಟಿಕೆಟ್ ಕೊಂಡು ಹತ್ತುವ ವಿಮಾನಯಾನ ಇಷ್ಟು ಸುರಕ್ಷಿತವಾಗಿರುವಾಗ ಇಲ್ಲೇಕೆ ಹೀಗೆ?

ಯಂತ್ರದ ವ್ಯತ್ಯಾಸ ಇದೆ, ನಿಜ. ಆದರೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಹೊರಡುವ ತೀರ್ಮಾನ ಯಾರದು ಎಂಬುದರಲ್ಲಿದೆ. ವಿಮಾನಯಾನ ಸಂಸ್ಥೆಯಲ್ಲಿ ಕಾಕ್‌ಪಿಟ್‌ನಲ್ಲಿ ಇಬ್ಬರಿರುತ್ತಾರೆ. ಹವಾಮಾನ, ಇಂಧನ, ಭಾರದ ಲೆಕ್ಕ ಹಾಕುವವರು ನೆಲದ ಮೇಲೆ ಬೇರೆ ಇರುತ್ತಾರೆ. ಎಷ್ಟು ಗಂಟೆ ದುಡಿದವನನ್ನು ಕೂರಿಸಬಾರದು ಎಂಬ ನಿಯಮ ಇರುತ್ತದೆ. ತಡವಾದರೆ ಗೊಣಗುವ ಪ್ರಯಾಣಿಕರಿಗೆ ಕಾಕ್‌ಪಿಟ್‌ನ ಬಾಗಿಲು ಮುಚ್ಚಿರುತ್ತದೆ. ಸಣ್ಣ ವಿಮಾನದಲ್ಲಿ ಈ ಎಲ್ಲ ಕೆಲಸವೂ ಒಬ್ಬನ ಪಾಲಿಗೆ ಬೀಳುತ್ತದೆ. ಸಾಲದ್ದಕ್ಕೆ, ಹೋಗಲೇಬೇಕಾದವನೂ ಅವನೇ. ಮದುವೆ ಅವನ ಮನೆಯದು, ಪಕ್ಕದಲ್ಲಿ ಕುಳಿತವರು ಅವನ ಹೆಂಡತಿ ಮಕ್ಕಳು. ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವನು, ಹೋಗಬೇಕೆಂದು ಆಗಲೇ ಮನಸ್ಸು ಮಾಡಿದವನಾಗಿರುತ್ತಾನೆ.

ಕಿವಿ ಹೇಳುವ ಸುಳ್ಳು

ಮೋಡದೊಳಗೆ ಹೊಕ್ಕ ಪೈಲಟ್ ನೇರವಾಗಿ ಹಾರಿ ಆಚೆ ಬಂದರಾಯಿತಲ್ಲ ಎಂದು ನೆಲದ ಮೇಲಿರುವವರಿಗೆ ಅನಿಸುತ್ತದೆ. ಕಷ್ಟ ಇರುವುದು ನೇರ ಯಾವುದೆಂದು ತಿಳಿಯುವುದರಲ್ಲಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ತಿರುಗಿದ್ದು ಗೊತ್ತಾಗುತ್ತದೆ. ಆದರೆ ವಿಮಾನ ತೀರ ನಿಧಾನವಾಗಿ ಒಂದು ಕಡೆಗೆ ವಾಲಿದರೆ ಈ ನಾಳಗಳಿಗೆ ಸುಳಿವೇ ಸಿಗುವುದಿಲ್ಲ. ಒಂದೇ ಸಮನೆ ತಿರುಗುತ್ತಿದ್ದರೂ ಅಷ್ಟೇ: ಸ್ವಲ್ಪ ಹೊತ್ತಿಗೆ ದ್ರವವೂ ನಾಳದ ಜೊತೆಗೆ ಹೊಂದಿಕೊಂಡು ಸುತ್ತತೊಡಗುತ್ತದೆ, ತಿರುಗುತ್ತಿಲ್ಲ ಎಂಬ ಭಾವನೆ ಬರುತ್ತದೆ. ಹಗಲಿನಲ್ಲಿ ಕಣ್ಣು ದಿಗಂತವನ್ನು ನೋಡಿ ಈ ತಪ್ಪನ್ನು ತಿದ್ದುತ್ತದೆ. ದಿಗಂತ ಇಲ್ಲದಿದ್ದರೆ ತಿದ್ದುವವರು ಯಾರೂ ಇಲ್ಲ.

ಆಗ ನಡೆಯುವುದು ಹೀಗೆ. ವಾಲಿದ ವಿಮಾನ ಮೂತಿ ತಗ್ಗಿಸಿ ಸುತ್ತುತ್ತ ಇಳಿಯತೊಡಗುತ್ತದೆ. ಎತ್ತರ ಕಡಿಮೆಯಾಗುತ್ತಿರುವುದನ್ನು ಮೀಟರಿನಲ್ಲಿ ನೋಡಿದ ಪೈಲಟ್, ತಾನು ನೇರವಾಗಿಯೇ ಇದ್ದೇನೆಂದು ನಂಬಿ, ಮೂತಿ ಎತ್ತಲು ಹಿಡಿಯನ್ನು ತನ್ನ ಕಡೆಗೆ ಎಳೆಯುತ್ತಾನೆ. ರೆಕ್ಕೆ ವಾಲಿರುವಾಗ ಎಳೆದರೆ ವಿಮಾನ ಏರುವುದಿಲ್ಲ, ಸುತ್ತು ಬಿಗಿಯಾಗುತ್ತದೆ. ಇನ್ನೂ ಎಳೆಯುತ್ತಾನೆ, ಇನ್ನೂ ಬಿಗಿಯಾಗುತ್ತದೆ. ಒಂದು ವೇಳೆ ರೆಕ್ಕೆಗಳನ್ನು ಸಮ ಮಾಡಿದರೂ ಕಿವಿ ಸುಮ್ಮನಿರುವುದಿಲ್ಲ. ಈಗ ಎದುರು ದಿಕ್ಕಿಗೆ ತಿರುಗುತ್ತಿದ್ದೀಯೆ ಎನ್ನುತ್ತದೆ. ಅದನ್ನು ನಂಬಿದವನು ಮತ್ತೆ ಅದೇ ಸುತ್ತಿಗೆ ಮರಳುತ್ತಾನೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿದರು. ಮೀಟರು ನೋಡಿ ಹಾರುವ ತರಬೇತಿ ಇಲ್ಲದ 20 ಪೈಲಟ್‌ಗಳನ್ನು ಆರಿಸಿ, ಹೊರಗಿನ ನೋಟ ಮರೆಮಾಡಿ, ವಿಮಾನವನ್ನು ಅವರ ಕೈಗೆ ಕೊಟ್ಟರು. ಪಕ್ಕದಲ್ಲಿ ತರಬೇತುದಾರರಿದ್ದರು. ಇಪ್ಪತ್ತರಲ್ಲಿ ಒಬ್ಬರಿಗೂ ಹತೋಟಿ ಉಳಿಸಿಕೊಳ್ಳಲಾಗಲಿಲ್ಲ. ಒಬ್ಬರಿಗೆ ತಪ್ಪಿದ್ದು 20 ಸೆಕೆಂಡಿಗೆ, ಇನ್ನೊಬ್ಬರಿಗೆ 8 ನಿಮಿಷಕ್ಕೆ. ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. ಪೈಲಟ್‌ಗಳಿಗೆ ಪಾಠ ಹೇಳುವವರು ಈ ಸಂಖ್ಯೆಯನ್ನು ಇವತ್ತಿಗೂ ಎತ್ತಿಹೇಳುತ್ತಾರೆ.

ಈ ಪ್ರಯೋಗಕ್ಕೆ ಬಳಸಿದ್ದು ಬೀಚ್‌ಕ್ರಾಫ್ಟ್ ಬೊನಾಂಜಾ. ಐದು ವರ್ಷಗಳ ನಂತರ, 1959ರ ಫೆಬ್ರುವರಿ 3ರ ಮಧ್ಯರಾತ್ರಿ ಕಳೆದ ಮೇಲೆ, ಅದೇ ಜಾತಿಯ ಇನ್ನೊಂದು ವಿಮಾನ ಅಯೋವಾ ರಾಜ್ಯದ ಮೇಸನ್ ಸಿಟಿಯಿಂದ ಹೊರಟಿತು. ಅದರಲ್ಲಿದ್ದವರು ರಾಕ್ ಸಂಗೀತದ ತಾರೆಗಳಾದ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್ ಮತ್ತು ಜೆ. ಪಿ. ರಿಚರ್ಡ್‌ಸನ್. ಚಳಿಗಾಲದ ಪ್ರವಾಸದಲ್ಲಿ ಅವರ ಬಸ್ಸಿನ ಹೀಟರ್ ಕೆಟ್ಟು, ವಾದ್ಯಗಾರರೊಬ್ಬರ ಕಾಲು ಹಿಮಕ್ಕೆ ಮರಗಟ್ಟಿತ್ತು. ಮುಂದಿನ ಊರಿಗೆ ಬೇಗ ತಲುಪಿ ಒಂದಷ್ಟು ನಿದ್ದೆ ಮಾಡೋಣವೆಂದು ವಿಮಾನ ಗೊತ್ತುಮಾಡಿಕೊಂಡರು. ಪೈಲಟ್‌ಗೆ 21 ವರ್ಷ, ಮೀಟರು ನೋಡಿ ಹಾರುವ ಅರ್ಹತೆ ಇಲ್ಲ. ದಾರಿಯಲ್ಲಿ ಹವೆ ಕೆಡಲಿದೆ ಎಂಬ ಎರಡು ತುರ್ತು ಎಚ್ಚರಿಕೆಗಳನ್ನು ಅವನಿಗೆ ಯಾರೂ ಮುಟ್ಟಿಸಿರಲಿಲ್ಲ. ವಿಮಾನದ ಮೂತಿ ಮೇಲಿದೆಯೋ ಕೆಳಗಿದೆಯೋ ತೋರಿಸುವ ಗೈರೊ ಬೇರೆ, ಅವನು ಕಲಿತದ್ದಕ್ಕೆ ತಿರುಗಾಮುರುಗಾ ತೋರಿಸುವ ಬಗೆಯದು. ಹೊರಟ ಕೆಲವೇ ನಿಮಿಷಗಳಲ್ಲಿ ವಿಮಾನ ಹೊಲವೊಂದರಲ್ಲಿ ಬಿತ್ತು. ನಾಲ್ವರೂ ಸತ್ತರು.

ಬೊನಾಂಜಾ ವೇಗದ, ಚೆಲುವಾದ, ದುಬಾರಿ ವಿಮಾನ. ಕೈತುಂಬ ಸಂಪಾದಿಸುವ ಡಾಕ್ಟರು ವಕೀಲರು ಅದನ್ನು ಕೊಂಡರು. ಅಭ್ಯಾಸಕ್ಕೆ ಮಾತ್ರ ಬಿಡುವಿರಲಿಲ್ಲ. ಅದರ ಇಂಗ್ಲಿಷಿನ ವಿ ಅಕ್ಷರದಂಥ ಬಾಲವನ್ನು ಹಿಡಿದು ‘ಕವಲುಬಾಲದ ಡಾಕ್ಟರ್ ಕೊಲೆಗಾರ’ ಎಂದು ಪೈಲಟ್‌ಗಳು ಅಡ್ಡಹೆಸರಿಟ್ಟರು.

ಟಿವಿಯವರು ಕಾಯುತ್ತಿದ್ದರು

ತಲುಪುವ ಅವಸರಕ್ಕೆ 1996ರ ಶೈಯೆನ್ ಅಪಘಾತಕ್ಕಿಂತ ಕಣ್ಣಿಗೆ ಹೊಡೆಯುವ ಉದಾಹರಣೆ ಸಿಗುವುದು ಕಷ್ಟ. ಜೆಸಿಕಾ ಡುಬ್ರಾಫ್ ಎಂಬ ಏಳು ವರ್ಷದ ಹುಡುಗಿ ವಿಮಾನ ಹಾರಿಸುತ್ತ ಅಮೆರಿಕವನ್ನು ಈ ಕರಾವಳಿಯಿಂದ ಆ ಕರಾವಳಿಗೆ ದಾಟುವುದು ಯೋಜನೆ. ಕಾನೂನಿನ ಲೆಕ್ಕಕ್ಕೆ ಪೈಲಟ್ ಆಕೆಯಲ್ಲ, ಪಕ್ಕದಲ್ಲಿ ಕೂತ ತರಬೇತುದಾರ, ಹಿಂದೆ ಅಪ್ಪ. ಏಪ್ರಿಲ್ 10ರಂದು ಕ್ಯಾಲಿಫೋರ್ನಿಯದಿಂದ ಹೊರಟು, ದಿನವಿಡೀ ಹಾರಿ, ವಯೋಮಿಂಗ್ ರಾಜ್ಯದ ಶೈಯೆನ್‌ನಲ್ಲಿ ರಾತ್ರಿ ತಂಗಿದರು. ಮುಂದಿನ ಊರುಗಳಲ್ಲಿ ಕ್ಯಾಮೆರಾಗಳು ಕಾಯುತ್ತಿದ್ದವು.

11ರ ಬೆಳಗ್ಗೆ ಶೈಯೆನ್‌ನಲ್ಲಿ ಗುಡುಗು, ಮಳೆ, ಬಿರುಗಾಳಿ ಒಟ್ಟಿಗೆ ಬರುತ್ತಿದ್ದವು. ಒಂದೆರಡು ಗಂಟೆ ಕಾದಿದ್ದರೆ ಅವು ದಾಟಿಹೋಗುತ್ತಿದ್ದವೇನೋ. ಇವರು ಮಳೆಯಲ್ಲೇ ಹೊರಟರು. ಸೆಸ್ನಾ ಕಾರ್ಡಿನಲ್ ವಿಮಾನದ ಭಾರ ಮಿತಿಯನ್ನು ಮೀರಿತ್ತು. ಊರು ಸಮುದ್ರಮಟ್ಟದಿಂದ 6,000 ಅಡಿಗೂ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಎಂಜಿನ್ನಿನ ಕಸುವೂ ಕಡಿಮೆ, ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ. ಕರಾವಳಿಯ ದಪ್ಪ ಗಾಳಿಗೆ ಒಗ್ಗಿದ್ದ ತರಬೇತುದಾರನಿಗೆ ಇದರ ರೂಢಿ ಇರಲಿಲ್ಲ. ನೆಲ ಬಿಟ್ಟ ವಿಮಾನ ಬಲಕ್ಕೆ ತಿರುಗುತ್ತಿದ್ದಂತೆಯೇ ವೇಗ ಕಳೆದುಕೊಂಡು ಮೂತಿ ಕೆಳಗಾಗಿ ಮನೆಗಳ ನಡುವಿನ ರಸ್ತೆಗೆ ಬಿತ್ತು. ಮೂವರೂ ಉಳಿಯಲಿಲ್ಲ. ಕೆಟ್ಟ ಹವೆಯಲ್ಲಿ ಹೊರಟ ತೀರ್ಮಾನವನ್ನು ಕಾರಣವೆಂದು ಹೆಸರಿಸಿದ ತನಿಖಾ ವರದಿ, ಮಾಧ್ಯಮದವರಿಗೆ ಕೊಟ್ಟ ಮಾತು ಸೇರಿದಂತೆ ಅತಿಯಾದ ವೇಳಾಪಟ್ಟಿಯ ಒತ್ತಡವನ್ನೂ ಅದರ ಜೊತೆಗೆ ಬರೆಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಮಕ್ಕಳ ಇಂಥ ದಾಖಲೆ ಹಾರಾಟಗಳನ್ನು ತಡೆಯುವ ಕಾನೂನು ತಂದಿತು.

ವಿಮಾನ ಹೀಗೆ ಒಮ್ಮೆಲೇ ಬೀಳುವುದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎದುರು ಬರುವ ಗಾಳಿಗೆ ರೆಕ್ಕೆ ಒಂದು ಕೋನದವರೆಗೆ ಓರೆಯಾಗಿದ್ದರೆ ಗಾಳಿ ಅದರ ಮೈಗೆ ಅಂಟಿ ಹರಿದು ವಿಮಾನವನ್ನು ಎತ್ತಿಹಿಡಿಯುತ್ತದೆ. ಕೋನ ಮೀರಿದರೆ ಗಾಳಿ ರೆಕ್ಕೆಯಿಂದ ಕಿತ್ತುಬರುತ್ತದೆ, ಆಸರೆ ತಪ್ಪುತ್ತದೆ. ತಿರುವಿನಲ್ಲಿ ಈ ಅಪಾಯ ಬೇಗ ಬರುತ್ತದೆ. 60 ಡಿಗ್ರಿ ವಾಲಿ ಎತ್ತರ ಬಿಡದೆ ತಿರುಗುವ ವಿಮಾನದ ರೆಕ್ಕೆಗಳು ಅದರ ತೂಕದ ಎರಡರಷ್ಟು ಹೊರಬೇಕು. ನೇರ ಹಾರಾಟದಲ್ಲಿ 50 ನಾಟ್ ವೇಗಕ್ಕೆ ಆಸರೆ ಕಳೆದುಕೊಳ್ಳುವ ವಿಮಾನ ಆಗ 70 ನಾಟ್‌ನಲ್ಲೇ ಕಳೆದುಕೊಳ್ಳುತ್ತದೆ. ಇಳಿಯಲು ಬರುವವನು ರನ್‌ವೇಯ ನೇರಕ್ಕೆ ತಿರುಗುವಾಗ ಸ್ವಲ್ಪ ದಾಟಿಹೋದರೆ, ಇನ್ನಷ್ಟು ವಾಲಿಸಿ ಇನ್ನಷ್ಟು ಎಳೆಯುವ ಆಸೆ ಹುಟ್ಟುತ್ತದೆ. ಸಾವಿರಾರು ಅಡಿ ಮೇಲಿದ್ದರೆ ಮೂತಿ ತಗ್ಗಿಸಿ, ವೇಗ ಗಳಿಸಿ ಬಚಾವಾಗಬಹುದು. ಕೆಳಗೆ ಐನೂರು ಅಡಿಯಷ್ಟೇ ಉಳಿದಿದ್ದರೆ ಅದಕ್ಕೆ ಜಾಗವಿಲ್ಲ. ಆ ತಿರುವನ್ನು ಬಿಟ್ಟುಕೊಟ್ಟು, ಮತ್ತೊಂದು ಸುತ್ತು ಬಂದು ಇಳಿದರೆ ಹೋಗುವುದು ಐದು ನಿಮಿಷ.

ಅನುಭವಿಗಳೂ ಹೊರತಲ್ಲ

ಹೊಸಬರೇ ಇಂಥ ತಪ್ಪು ಮಾಡುತ್ತಾರೆ ಎನ್ನುವಂತಿಲ್ಲ. ಗಾಯಕ ಜಾನ್ ಡೆನ್ವರ್‌ಗೆ 2,700 ಗಂಟೆಗೂ ಮೀರಿದ ಹಾರಾಟದ ಅನುಭವವಿತ್ತು. 1997ರ ಅಕ್ಟೋಬರ್ 12ರಂದು ಅವರು ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ, ಆಗಷ್ಟೇ ಕೊಂಡಿದ್ದ ಲಾಂಗ್-ಈಝೀ ಎಂಬ ಪುಟ್ಟ ವಿಮಾನ ಹತ್ತಿದರು. ಕಾರ್ಖಾನೆಯಲ್ಲಿ ಅಲ್ಲ, ಹವ್ಯಾಸಿಯೊಬ್ಬರು ಕೈಯಾರೆ ಕಟ್ಟಿದ್ದ ವಿಮಾನ ಅದು. ಒಂದು ಇಂಧನ ಟ್ಯಾಂಕ್‌ನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿಯನ್ನು ಕಟ್ಟಿದವರು ಪೈಲಟ್‌ನ ಎಡ ಹೆಗಲ ಹಿಂದೆ ಇಟ್ಟಿದ್ದರು. ಇಂಧನ ಎಷ್ಟಿದೆ ಎಂದು ತೋರಿಸುವ ಗೇಜೂ ಹಿಂಬದಿಯಲ್ಲೇ. ಹೊರಡುವ ಮುಂಚೆ ಮೆಕ್ಯಾನಿಕ್ ಮತ್ತು ಡೆನ್ವರ್ ಈ ಹಿಡಿಯ ಬಗ್ಗೆ ಮಾತಾಡಿಕೊಂಡರು. ಇಕ್ಕಳ ಸಿಕ್ಕಿಸಿ ಹಿಡಿಯನ್ನು ಉದ್ದ ಮಾಡಿ ನೋಡಿದರು, ಕೈಗೆ ಎಟುಕಲಿಲ್ಲ. ಹಿಂದಿನ ಗೇಜು ಕಾಣಲೆಂದು ಮೆಕ್ಯಾನಿಕ್ ಒಂದು ಸಣ್ಣ ಕನ್ನಡಿ ಕೊಟ್ಟರು. ಇಂಧನ ಹಾಕಿಸಬೇಕೇ ಎಂದು ಕೇಳಿದಾಗ, ಒಂದು ಗಂಟೆಯ ಹಾರಾಟವಷ್ಟೇ, ಬೇಡ ಎಂದರು ಡೆನ್ವರ್.

ತನಿಖೆಯವರು ಅದೇ ಬಗೆಯ ವಿಮಾನದಲ್ಲಿ ಕೂತು ಪರೀಕ್ಷಿಸಿದರು. ಬಲಗೈಯನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ಚಾಚಿ ಮೈ ತಿರುಗಿಸಿದಾಗ, ಆಧಾರಕ್ಕೆಂದು ಬಲಗಾಲು ತಾನಾಗಿ ಬಲ ರಡ್ಡರ್ ಪೆಡಲನ್ನು ಒತ್ತುತ್ತಿತ್ತು. ಆ ದಿನ ಕೆಲವೇ ನೂರು ಅಡಿ ಎತ್ತರದಲ್ಲಿದ್ದ ವಿಮಾನ ಒಮ್ಮೆಲೇ ಮಗುಚಿ ಕೊಲ್ಲಿಗೆ ಧುಮುಕಿತು. ಹಿಡಿ ಅನನುಕೂಲ ಎಂಬುದು ಗೊತ್ತಿತ್ತು, ಸರಿಪಡಿಸುವ ಯೋಚನೆಯೂ ಇತ್ತು. ಅಂದು ಸುಮ್ಮನೆ ಒಂದು ಸುತ್ತು ಹೋಗಿಬರುವ ಇಷ್ಟ ಅದನ್ನು ಮುಂದಕ್ಕೆ ಹಾಕಿತು.

ಇನ್ನು ಸಂಬಳಕ್ಕೆ ಖಾಸಗಿ ಜೆಟ್ ಹಾರಿಸುವವರ ಮಾತು. 2014ರ ಮೇ 31ರ ರಾತ್ರಿ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ರನ್‌ವೇ ಮುಗಿದರೂ ಮೇಲೇಳದೆ ಮುಂದಿನ ಹಳ್ಳಕ್ಕೆ ನುಗ್ಗಿ ಉರಿಯಿತು. ಪತ್ರಿಕೋದ್ಯಮಿ ಲೂಯಿಸ್ ಕ್ಯಾಟ್ಜ್ ಸೇರಿ ಏಳು ಜನ ಸತ್ತರು. ನಿಂತ ವಿಮಾನದ ರೆಕ್ಕೆ, ಬಾಲದ ಪಟ್ಟಿಗಳು ಗಾಳಿಗೆ ಬಡಿದುಕೊಳ್ಳದಿರಲೆಂದು ಒಂದು ಲಾಕ್ ಹಾಕುತ್ತಾರೆ. ಅದನ್ನು ತೆಗೆದೇ ಇರಲಿಲ್ಲ. ಹೊರಡುವ ಮುನ್ನ ಹಿಡಿಯನ್ನು ನಾಲ್ಕೂ ಕಡೆ ಆಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆ ವಿಮಾನದ ಹಿಂದಿನ 175 ಹಾರಾಟಗಳ ದಾಖಲೆ ತೆಗೆದಾಗ, ಶೇಕಡಾ 98 ಸಲ ಈ ಪರೀಕ್ಷೆಯನ್ನು ಪೂರ್ತಿ ಮಾಡಿರಲಿಲ್ಲ ಎಂಬುದು ಹೊರಬಿತ್ತು. ಇಬ್ಬರೂ ನುರಿತ ಪೈಲಟ್‌ಗಳೇ. ಬಿಟ್ಟರೂ ಏನೂ ಆಗುವುದಿಲ್ಲ ಎಂಬುದನ್ನು ಪ್ರತಿ ಹಾರಾಟವೂ ಅವರಿಗೆ ಕಲಿಸಿತ್ತು. ವಿಚಿತ್ರವೆಂದರೆ ಬರೆದಿಟ್ಟ ಚೆಕ್‌ಲಿಸ್ಟ್ ಎಂಬ ಪದ್ಧತಿ ಬೇರುಬಿಟ್ಟದ್ದೇ ಇಂಥ ಲಾಕ್‌ನಿಂದ: 1935ರ ಅಕ್ಟೋಬರ್ 30ರಂದು ಬೋಯಿಂಗ್‌ನ ಹೊಸ ಬಾಂಬರ್ ವಿಮಾನ, ಮಾಡೆಲ್ 299, ಲಾಕ್ ತೆಗೆಯಲು ಮರೆತು ಬಿದ್ದಿತ್ತು.

ನಮ್ಮಲ್ಲಿ ಖಾಸಗಿ ವಿಮಾನಗಳ ಸಂಖ್ಯೆ ಕಡಿಮೆ, ಆದರೆ ನೆನಪಿನಲ್ಲಿ ಉಳಿದ ಅಪಘಾತಗಳು ಕಡಿಮೆ ಅಲ್ಲ. 1980ರ ಜೂನ್ 23ರ ಬೆಳಗ್ಗೆ ದೆಹಲಿಯ ಸಫ್ದರ್‌ಜಂಗ್‌ನಿಂದ ಪಿಟ್ಸ್ ಎಸ್-2ಎ ಎಂಬ ಕಸರತ್ತಿನ ವಿಮಾನದಲ್ಲಿ ಹೊರಟ ಸಂಜಯ್ ಗಾಂಧಿ, ನಗರದ ಮೇಲೆ ತಗ್ಗಿನಲ್ಲಿ ಪಲ್ಟಿ ಹೊಡೆಸುವಾಗ ನೆಲಕ್ಕೆ ಬಿದ್ದು ಸತ್ತರು. ಜೊತೆಯಲ್ಲಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಕೂಡ ಉಳಿಯಲಿಲ್ಲ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಸಭೆಯೊಂದಕ್ಕೆ ಹೊರಟಿದ್ದ ಸಣ್ಣ ವಿಮಾನ ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಕೆಟ್ಟ ಹವೆಯಲ್ಲಿ ಬಿತ್ತು. ಕನ್ನಡಿಗರಿಗೆ ಮರೆಯದ ದಿನ 2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ನಟಿ ಸೌಂದರ್ಯ ಮತ್ತು ಅವರ ಅಣ್ಣ ಅಮರನಾಥ್ ಇದ್ದ ಸೆಸ್ನಾ 180, ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ನಾಲ್ವರು ಸುಟ್ಟುಹೋದರು. ಇಂಥ ತನಿಖೆಗಳಿಗೆಂದೇ ವಿಮಾನ ಅಪಘಾತ ತನಿಖಾ ಬ್ಯೂರೊ ಭಾರತದಲ್ಲಿ ಸ್ಥಾಪನೆಯಾದದ್ದು 2012ರಲ್ಲಿ.

ಮೊದಲೇ ಮಾಡಿದ ತೀರ್ಮಾನ

ತಪ್ಪು ಗುಣದಲ್ಲಿದ್ದರೆ ಪಾಠವೂ ಅಲ್ಲಿಂದಲೇ ಶುರುವಾಗಬೇಕು ಎಂದು ಅಮೆರಿಕದ ವಿಮಾನಯಾನ ಆಡಳಿತ ಕಂಡುಕೊಂಡಿತು. ಅದರ ಕೈಪಿಡಿ ಐದು ಅಪಾಯಕಾರಿ ಮನೋಭಾವಗಳನ್ನು ಪಟ್ಟಿ ಮಾಡುತ್ತದೆ: ನನಗೆ ಹೇಳಲು ನೀನಾರು ಎಂಬ ಉದ್ಧಟತನ, ಯೋಚಿಸುವ ಮುಂಚೆ ಕೈಹಾಕುವ ದುಡುಕು, ನನಗೇನೂ ಆಗುವುದಿಲ್ಲ ಎಂಬ ಭ್ರಮೆ, ಮಾಡಿ ತೋರಿಸುತ್ತೇನೆ ಎಂಬ ಜಂಬ, ಇನ್ನೇನು ಮಾಡುವುದು ಎಂದು ಕೈಚೆಲ್ಲುವುದು. ಪ್ರತಿಯೊಂದಕ್ಕೂ ತನಗೆ ತಾನೇ ಹೇಳಿಕೊಳ್ಳಬೇಕಾದ ಮರುಮಾತನ್ನೂ ಕೈಪಿಡಿ ಕಲಿಸುತ್ತದೆ. ಮದ್ಯಕ್ಕೂ ಗಡಿಯಾರದ ಲೆಕ್ಕವಿದೆ: ಕುಡಿದ ಮೇಲೆ ಅಮೆರಿಕದಲ್ಲಿ 8 ಗಂಟೆ, ಭಾರತದಲ್ಲಿ 12 ಗಂಟೆ ಕಳೆಯದೆ ವಿಮಾನ ಮುಟ್ಟುವಂತಿಲ್ಲ.

ಇಲಿನಾಯ್‌ನ ಪ್ರಯೋಗಕ್ಕೆ ಎರಡನೇ ಅರ್ಧವೂ ಇತ್ತು, ಅದನ್ನು ನೆನೆಯುವವರು ಕಡಿಮೆ. ಅದೇ ಇಪ್ಪತ್ತು ಜನರಿಗೆ ಸಂಶೋಧಕರು ಒಂದು ಸರಳ ಕ್ರಮ ಕಲಿಸಿದರು: ಚಕ್ರ ಇಳಿಸಿ ವೇಗ ತಗ್ಗಿಸು, ಹಿಡಿಯಿಂದ ಕೈ ತೆಗೆ, ಕಾಲಿನ ಪೆಡಲಿನಿಂದಷ್ಟೇ ನಿಧಾನವಾಗಿ ತಿರುಗಿಸಿ ಬಂದ ದಾರಿಗೇ ಹೊರಳು. ಮತ್ತೆ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಅವರು ಹತೋಟಿ ತಪ್ಪದೆ ಹಿಂದಿರುಗಿದರು. ಖಾಸಗಿ ಪೈಲಟ್ ಲೈಸೆನ್ಸ್ ಬೇಕೆನ್ನುವವರು ಈಗ ಅಮೆರಿಕದಲ್ಲಿ ಕನಿಷ್ಠ ಮೂರು ಗಂಟೆ ಮೀಟರುಗಳನ್ನೇ ನೋಡಿ ಹಾರಿಸಿರಬೇಕು. ಹೊರಗಿನದು ಕಾಣದಂತೆ ಹಣೆಗೆ ಮರೆ ಕಟ್ಟಿ ಇದನ್ನು ಮಾಡಿಸುತ್ತಾರೆ.

ಯಂತ್ರದ ಕಡೆಯಿಂದ ಬಂದ ದೊಡ್ಡ ಉಪಾಯ ಸಿರಸ್ ವಿಮಾನದ ಪ್ಯಾರಾಶೂಟ್. 1998ರಲ್ಲಿ ಮಾನ್ಯತೆ ಪಡೆದ ಎಸ್‌ಆರ್20 ವಿಮಾನದ ಚಾವಣಿಯಲ್ಲಿ ಒಂದು ಕೆಂಪು ಹಿಡಿ ಇದೆ. ಎಳೆದರೆ ರಾಕೆಟ್ ಹಾರಿ, ಇಡೀ ವಿಮಾನವನ್ನೇ ತೂಗಿಹಿಡಿಯುವ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ಇಷ್ಟಿದ್ದೂ ಮೊದಲ ವರ್ಷಗಳಲ್ಲಿ ಸಾವುಗಳು ನಿರೀಕ್ಷಿಸಿದಷ್ಟು ತಗ್ಗಲಿಲ್ಲ. ಹಿಡಿ ತಲೆಯ ಮೇಲೆಯೇ ಇದ್ದರೂ ಎಳೆಯದೆ ಸತ್ತವರಿದ್ದರು. ಇನ್ನೊಂದು ಸಲ ನೋಡೋಣ, ಎಂಜಿನ್ ಹಿಡಿಯಬಹುದು, ರನ್‌ವೇ ಸಿಗಬಹುದು ಎಂದುಕೊಳ್ಳುವಷ್ಟರಲ್ಲಿ ಎತ್ತರ ಮುಗಿದಿರುತ್ತಿತ್ತು. ಕಂಪನಿಯೂ ಮಾಲೀಕರ ಸಂಘವೂ ಸೇರಿ ಕಲಿಸುವ ಕ್ರಮವನ್ನೇ ಬದಲಿಸಿದ ಮೇಲೆ ಲೆಕ್ಕ ಸುಧಾರಿಸಿತು. ಈಗ ಸಿರಸ್ ಕಲಿಯುವವನು ಎಂಜಿನ್ ಚಾಲೂ ಮಾಡುವ ಮೊದಲು ಆ ಹಿಡಿಯ ಸುರಕ್ಷಾ ಪಿನ್ ತೆಗೆಯುತ್ತಾನೆ. ರನ್‌ವೇಗೆ ಹೋಗುವ ಮುಂಚೆ, ಎಷ್ಟು ಅಡಿಯೊಳಗೆ ಎಂಜಿನ್ ನಿಂತರೆ ನೇರ ಇಳಿಸುತ್ತೇನೆ, ಎಷ್ಟು ಅಡಿ ದಾಟಿದ ಮೇಲೆ ನಿಂತರೆ ಹಿಡಿ ಎಳೆಯುತ್ತೇನೆ ಎಂಬುದನ್ನು ಪಕ್ಕದಲ್ಲಿ ಕೂತವರಿಗೆ ಕೇಳುವಂತೆ ಬಾಯಿಬಿಟ್ಟು ಹೇಳುತ್ತಾನೆ.